ಶೀನನ ಆರನೆಯ ಹಲ್ಲು

ಮನುಷ್ಯರ ಮುಖ ಮರೆತರೂ ಪುಷ್ಪಾವತಿಯವರು ಹಲ್ಲು ಮರೆಯುವವರಲ್ಲ. ಬುಕಿತ್ ಪಂಜಾಂಗಿನ ಮಾರುಕಟ್ಟೆಯಲ್ಲಿ ನರೆಗೂದಲಿನ ಯಾರಾದರೂ ಎದುರು ನಿಂತು ನಕ್ಕರೆ, ಹೆಸರಿಗಾಗಿ ತಡಕಾಡುವ ಮೊದಲೇ ಅವರ ಕಣ್ಣು ಆ ಬಾಯಿಯೊಳಗೆ ಒಂದು ಸುತ್ತು ಹೋಗಿ ಬರುತ್ತಿತ್ತು. ಮೇಲಿನ ಸಾಲಿನಲ್ಲಿ ಎರಡನೆಯದು ಓರೆ, ಅದರ ಪಕ್ಕದ್ದು ಹಿಂದಕ್ಕೆ ಸರಿದಿದೆ ಎಂದು ಕಂಡ ಮೇಲೆ, ಓಹೋ, ನನ್ನ ಬೆರಳು ಕಚ್ಚಿ ಓಡಿಹೋಗಿದ್ದ ಹುಡುಗಿ ಇವಳೇ ಎಂದು ನೆನಪಾಗುತ್ತಿತ್ತು. ಮೂವತ್ತನಾಲ್ಕು ವರ್ಷ ಶಾಲೆಯ ಮಕ್ಕಳ ಬಾಯಿ ನೋಡಿದವರಿಗೆ ಅಂಟಿದ ಚಾಳಿ ಅದು. ಈಗ ಅವರಿಗೆ ಎಂಬತ್ತನಾಲ್ಕು ವಯಸ್ಸು. ಹಾಗೆ ಎದುರು ನಿಂತು ನಗುವವರೂ ಕಡಿಮೆಯಾಗಿದ್ದರು. ಎಲ್‌ಆರ್‌ಟಿಯ ಪುಟ್ಟ ರೈಲುಬೋಗಿಯಲ್ಲಿ ಎಲ್ಲರೂ ತುಟಿ ಮುಚ್ಚಿಕೊಂಡು ಫೋನು ನೋಡುತ್ತ ಕುಳಿತಿರುತ್ತಿದ್ದರು. ಒಂದು ಬಾಯಿಯೂ ತೆರೆಯದೆ ಐದು ನಿಲ್ದಾಣ ದಾಟಿಹೋಗುತ್ತಿತ್ತು.

ಅವರ ತಂದೆ ಉಡುಪಿಯ ಕಡೆಯಿಂದ ಹಡಗು ಹತ್ತಿ ಈ ದ್ವೀಪಕ್ಕೆ ಬಂದು ಸೆಂಬವಾಂಗಿನ ನೌಕಾನೆಲೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಮೂವರು ಮಕ್ಕಳಲ್ಲಿ ಪುಷ್ಪಾವತಿಯೇ ಹಿರಿಯಳು. ಓದಿನಲ್ಲಿ ಚುರುಕು, ಕೈ ಇನ್ನೂ ಚುರುಕು. ಮಲ್ಲಿಗೆ ಕಟ್ಟಲು ಕುಳಿತರೆ ಎರಡು ಬೆರಳು ಅಲುಗಿದ್ದೇ ಕಾಣುತ್ತಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರು ಆ ಬೆರಳು ನೋಡಿಯೇ ಅವಳನ್ನು ಪೆನಾಂಗಿನ ದಂತ ನರ್ಸುಗಳ ತರಬೇತಿಗೆ ಕಳುಹಿಸುವಂತೆ ತಂದೆಗೆ ಹೇಳಿದರಂತೆ. ಹುಡುಗಿ ಪೆಟ್ಟಿಗೆ ಹಿಡಿದು ರೈಲು ಹತ್ತಿ ಹೋದಳು. ಬಿಳಿ ಸಮವಸ್ತ್ರ ಹಾಕಿಕೊಂಡು ಮರಳಿ ಬಂದಳು. ಮದುವೆ ಆಗಲಿಲ್ಲ. ಆಗದಿರಲು ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ತಮ್ಮಂದಿರ ಓದು, ತಾಯಿಯ ಕಾಯಿಲೆ, ವರ್ಷಗಳು ಹಾಗೆ ಹೋದವು. ಒಬ್ಬ ತಮ್ಮ ಪರ್ತ್‌ನಲ್ಲಿ ನೆಲೆಸಿದ, ಇನ್ನೊಬ್ಬ ತೀರಿಹೋದ.

ಆಗಿನ ಕಾಲದಲ್ಲಿ ಶಾಲೆಯ ಒಂದು ಕೊಠಡಿಯೇ ದಂತಚಿಕಿತ್ಸಾಲಯ. ಬಾಗಿಲ ಹೊರಗೆ ಒಂದು ಉದ್ದ ಬೆಂಚು. ನರ್ಸು ಒಂದು ಚೀಟಿಯಲ್ಲಿ ಹೆಸರು ಬರೆದು, ಮುಗಿಸಿಕೊಂಡು ಹೋಗುವ ಮಗುವಿನ ಕೈಗೇ ಕೊಟ್ಟು ಕಳುಹಿಸುವಳು. ಆ ಚೀಟಿ ತರಗತಿಯ ಬಾಗಿಲಲ್ಲಿ ಕಾಣಿಸಿದ ಕೂಡಲೇ ನಲವತ್ತು ಮಕ್ಕಳ ಮುಖ ಒಟ್ಟಿಗೆ ಬಾಡುತ್ತಿತ್ತು. ಕರೆಯಿಸಿಕೊಂಡವನು ಬಲಿಗೆ ಹೊರಟ ಕೋಳಿಯಂತೆ ಎದ್ದು ಬರುವನು. ಒಳಗೆ ಲವಂಗದೆಣ್ಣೆಯ ವಾಸನೆ. ಹೊಲಿಗೆಯಂತ್ರದಂತೆ ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್ಲು. ಪುಷ್ಪಾವತಿ ಒಂದೇ ಹದದಲ್ಲಿ ತುಳಿಯುತ್ತ, ಮಲಯದಲ್ಲೋ ತುಳುವಿನಲ್ಲೋ ತಮಿಳಿನಲ್ಲೋ ಏನೋ ಒಂದು ಹೇಳುತ್ತ, ಮಗುವಿಗೆ ನೋವು ತಿಳಿಯುವಷ್ಟರಲ್ಲಿ ಕೆಲಸ ಮುಗಿಸಿರುತ್ತಿದ್ದಳು. ಮಕ್ಕಳು ಅವಳನ್ನು ಮಿಸ್ಸಿ ಎಂದು ಕರೆಯುತ್ತಿದ್ದರು. ನೋಯುತ್ತದೆಯೇ ಮಿಸ್ಸಿ ಎಂದು ಕೇಳಿದರೆ ಇಲ್ಲ ಎನ್ನುವಳು. ಅಂಥ ಸುಳ್ಳು ಆ ಕೆಲಸದಲ್ಲಿ ಪಾಪವಲ್ಲ.

ಪಾಪವೆನ್ನಬಹುದಾದ ಸುಳ್ಳು ಒಂದೇ ಒಂದು. ಅದನ್ನು ಅವರು ಅರವತ್ತು ವರ್ಷಗಳಿಂದ ಹೊತ್ತುಕೊಂಡಿದ್ದರು. ಯಾರಿಗೆ ಹೇಳಬೇಕಾಗಿತ್ತೋ ಆತ ಅದೇ ಕಟ್ಟಡದಲ್ಲಿ ಐದು ಮಹಡಿ ಮೇಲೆ ವಾಸವಾಗಿದ್ದ.

ಅವನೇ ಶೀನ. ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ವೆಲ್ಡರನಾಗಿ ಸೇರಿ, ಬೇರೆಯವರ ವೆಲ್ಡಿಂಗನ್ನು ಪರೀಕ್ಷೆ ಮಾಡುವ ಮೇಸ್ತ್ರಿಯಾಗಿ ನಿವೃತ್ತನಾದವನು. ವಯಸ್ಸು ಅರವತ್ತೊಂಬತ್ತು. ನಾಲ್ಕು ವರ್ಷಗಳ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವನೂ ಒಂಟಿ. ಪ್ರತಿ ಬುಧವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ತನಗೊಂದು ಪಾಲು ಪುಷ್ಪಕ್ಕನಿಗೊಂದು ಪಾಲು ಬಂಗುಡೆ ಮೀನು ತಂದು, ಅವರ ಮನೆಯಲ್ಲೇ ಕಾಫಿ ಕುಡಿದು ಹೋಗುವನು. ಟ್ಯೂಬ್‌ಲೈಟು ಕೆಟ್ಟರೆ ಅವನೇ ಹಾಕುವನು. ಊರಿನವರಿಗೆಲ್ಲ ಅವರು ಆಂಟಿ, ಆಸ್ಪತ್ರೆಯಲ್ಲಿ ಮೇಡಂ. ಪುಷ್ಪಕ್ಕ ಎಂದು ಕರೆಯುವವನು ಈ ಭೂಮಿಯ ಮೇಲೆ ಶೀನ ಒಬ್ಬನೇ ಉಳಿದಿದ್ದ. ತುಳು ಮಾತಾಡಲೂ ಅವನೊಬ್ಬನೇ. ವಾರದ ಉಳಿದ ಆರು ದಿನ ಅವರ ನಾಲಿಗೆ ಆ ಭಾಷೆಯನ್ನು ಬಾಯಿಯೊಳಗೇ ತಿರುಗಿಸಿಕೊಂಡು ಕಾಯುತ್ತಿತ್ತು.

ಆ ಶೀನ ಈಗ ಹೊರಟಿದ್ದ. ಮಗಳು ಸುಪ್ರೀತಾಳಿಗೆ ಎರಡನೆಯ ಮಗುವಾಗಿತ್ತು. ಪುಂಗೋಲಿನಲ್ಲಿ ದೊಡ್ಡ ಮನೆ ಸಿಕ್ಕಿತ್ತು. ತಿಂಗಳ ಕೊನೆಗೆ ಅಪ್ಪ ತನ್ನ ಮನೆ ಬಿಟ್ಟು ಅಲ್ಲಿಗೆ ಬರುವುದೆಂದು ತೀರ್ಮಾನವಾಗಿತ್ತು. ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂವರೆ ಗಂಟೆ, ಮೂರು ಕಡೆ ರೈಲು ಬದಲಿಸಬೇಕು. ಬೇರೆ ದೇಶವೇನಲ್ಲ. ಆದರೆ ಎಂಬತ್ತನಾಲ್ಕರ ಮೊಣಕಾಲಿಗೆ ಅದು ಬೇರೆ ದೇಶವೇ.

ಹೇಳುವುದಾದರೆ ಈ ತಿಂಗಳೊಳಗೆ ಹೇಳಬೇಕು. ಹೇಳಿದರೆ ಇರುವ ಒಬ್ಬ ತಮ್ಮನಂಥವನೂ ಕೈಬಿಟ್ಟುಹೋಗಬಹುದು. ಹೇಳದಿದ್ದರೆ ಅವನು ಪ್ರೀತಿಯಿಂದ ಹೊರಡುವನು. ಆ ಪ್ರೀತಿ ತನಗೆ ಸಲ್ಲಬೇಕಾದದ್ದಲ್ಲ ಎಂದು ತಿಳಿದೇ ಇವರು ಅದನ್ನು ಇಟ್ಟುಕೊಳ್ಳಬೇಕು. ಎರಡು ಬುಧವಾರ ಇದೇ ಯೋಚನೆಯಲ್ಲಿ ಕಳೆದವು.

ನಡುವೆ ಒಂದು ಭಾನುವಾರ ಎದುರು ಮನೆಯ ಸ್ಪಂದನಾ ಬಂದಳು. ಬೆಂಗಳೂರಿನ ಹುಡುಗಿ, ಗಂಡಹೆಂಡಿರಿಬ್ಬರೂ ಕಂಪ್ಯೂಟರ್ ಕೆಲಸದವರು. ಜೊತೆಗೆ ಆರು ವರ್ಷದ ಮಗಳು ಇಶಿತಾ.

“ಆಂಟಿ, ನೀವು ಡೆಂಟಲ್ ನರ್ಸ್ ಆಗಿದ್ರಂತಲ್ಲ, ಶೀನ ಅಂಕಲ್ ಹೇಳಿದ್ರು. ಇವಳ ಬಾಯಿ ಒಂದ್ಸಲ ನೋಡ್ತೀರಾ? ಹಿಂದ್ಗಡೆ ಒಂದು ಹಲ್ಲಲ್ಲಿ ಕಪ್ಪು ಇದೆ. ನಾನೇನೂ ಟೆನ್ಷನ್ ಮಾಡ್ಕೊಂಡಿಲ್ಲ. ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗತ್ತೆ.”

ಪುಷ್ಪಾವತಿಯವರು ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಚಮಚೆಯ ಹಿಡಿಯಿಂದ ಕೆನ್ನೆ ಸರಿಸಿ ನೋಡಿದರು. ಮುಂದಿನಿಂದ ಹಿಂದಕ್ಕೆ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಅದರ ಹಿಂದೆ ಆರನೆಯದು, ಹೊಸದಾಗಿ ಮೂಡಿದ್ದು, ನಡುವೆ ಕಪ್ಪು ಗೆರೆ.

“ಇದು ಹಾಲುಹಲ್ಲಲ್ಲ ಮಗಳೇ,” ಎಂದರು ಸ್ಪಂದನಾಳಿಗೆ.

“ಅದ್ಹೇಗೆ ಆಂಟಿ? ಇವಳಿಗೆ ಇನ್ನೂ ಒಂದು ಹಲ್ಲೂ ಬಿದ್ದಿಲ್ವಲ್ಲ.”

“ಇದು ಯಾವುದೂ ಬೀಳದೆ ತಾನಾಗಿ ಹಿಂದೆ ಬರ್ತದೆ. ಆರು ವರ್ಷಕ್ಕೆ. ಸದ್ದಿಲ್ಲದೆ ಬರ್ತದೆ, ಅದಕ್ಕೇ ಎಲ್ರೂ ಹಾಲುಹಲ್ಲು ಅಂದ್ಕೊಳ್ತಾರೆ. ಸಾಯುವವರೆಗೆ ಇರಬೇಕಾದ ಹಲ್ಲು. ನಾಳೆಯೇ ಕರ್ಕೊಂಡು ಹೋಗಿ ತುಂಬಿಸು.”

“ಪೇನ್ ಇಲ್ಲ ಲಾ,” ಎಂದು ಮಗು ಈ ಊರಿನ ಧಾಟಿಯಲ್ಲಿ ಹೇಳಿ ಬಾಯಿ ಮುಚ್ಚಿಕೊಂಡಿತು.

ತಾಯಿ ಮಗಳು ಹೋದ ಮೇಲೆ ಪುಷ್ಪಾವತಿಯವರು ಚಮಚೆ ತೊಳೆಯಲು ಹೋಗಿ ನೀರು ಬಿಟ್ಟುಕೊಂಡು ಸುಮ್ಮನೆ ನಿಂತರು. ಎಷ್ಟು ಸುಲಭವಾಗಿ ಎಣಿಸಿದೆನಲ್ಲ! ಎಂಬತ್ತನಾಲ್ಕರಲ್ಲಿ, ಕಣ್ಣು ಮಂಜಾಗಿದ್ದರೂ, ಐದು ಕಳೆದು ಆರು ಎಂದು ಕಂಡಿತು. ಇಪ್ಪತ್ತಮೂರರಲ್ಲಿ, ಹದ್ದಿನಂಥ ಕಣ್ಣಿದ್ದಾಗ ಕಾಣಲಿಲ್ಲ.

ಆವತ್ತು ಶಾಲೆಗೆ ರಜೆ ಹತ್ತಿರವಾಗಿತ್ತು. ಪಟ್ಟಿಯಲ್ಲಿ ಉಳಿದ ಮಕ್ಕಳನ್ನೆಲ್ಲ ಮುಗಿಸಬೇಕೆಂಬ ಆತುರ. ಬೆಂಚಿನ ಕೊನೆಯಲ್ಲಿ ಪಟ್ಟಿಯಲ್ಲಿಲ್ಲದ ಒಬ್ಬ ಹುಡುಗ, ಏಳು ದಾಟಿದ ಶೀನ, ಕೆನ್ನೆ ಊದಿಸಿಕೊಂಡು ಕುಳಿತಿದ್ದ. ಮೂರು ರಾತ್ರಿ ನಿದ್ದೆಯಿಲ್ಲವೆಂದು ತಾಯಿ ಗುಲಾಬಿ ಕೈಮುಗಿದು ನಿಂತಿದ್ದಳು. ತುಳು ಮಾತಿನವಳು, ಭಜನೆಯಲ್ಲಿ ಕಂಡು ಗೊತ್ತಿದ್ದವಳು. ಹುಡುಗ ಬೇರೆ ಶಾಲೆಯಿಂದ ಹೊಸದಾಗಿ ಬಂದಿದ್ದ; ಅವನ ಹಲ್ಲಿನ ಕಾರ್ಡು ಇನ್ನೂ ಬಂದಿರಲಿಲ್ಲ.

ಆ ಕಾರ್ಡಿನ ಮೇಲೆಯೇ ಇಡೀ ಕೆಲಸ ನಿಂತಿತ್ತು. ಪ್ರತಿ ಮಗುವಿನ ಬಾಯಿಯ ನಕ್ಷೆ ಅದರಲ್ಲಿ. ಬಾಯಿಯ ಒಂದೊಂದು ಕಾಲುಭಾಗದಲ್ಲೂ ಹಾಲುಹಲ್ಲುಗಳಿಗೆ ಇಂಗ್ಲಿಷಿನ ಎ ಇಂದ ಇ ವರೆಗೆ ಅಕ್ಷರ, ಶಾಶ್ವತ ಹಲ್ಲುಗಳಿಗೆ ಒಂದರಿಂದ ಎಂಟರವರೆಗೆ ಅಂಕಿ. ಅಕ್ಷರದ ಹಲ್ಲನ್ನು ನರ್ಸು ಕೀಳಬಹುದು. ಅಂಕಿಯ ಹಲ್ಲನ್ನು ಮುಟ್ಟುವ ಹಾಗಿಲ್ಲ, ಡಾಕ್ಟರು ಬರಬೇಕು. ಕಾರ್ಡು ನೋಡದೆ ಇಕ್ಕಳ ಎತ್ತಬೇಡಿರಿ ಎಂದು ಪೆನಾಂಗಿನಲ್ಲಿ ಮೊದಲ ದಿನವೇ ಹೇಳಿದ್ದರು.

ಪುಷ್ಪಾವತಿ ಇಕ್ಕಳ ಎತ್ತಿದಳು. ಬಲಗಡೆ ಕೆಳದವಡೆಯಲ್ಲಿ ಸಾಲಾಗಿ ನಾಲ್ಕು ಹಲ್ಲು, ಅದರ ಒತ್ತಿಗೆ ಐದನೆಯದಾಗಿ ಕೊಳೆತು ಕೀವಾದ ಒಂದು. ಐದನೆಯದೆಂದರೆ ಇ ಅಕ್ಷರ, ಹಾಲುಹಲ್ಲು. ಚುಚ್ಚುಮದ್ದು ಕೊಟ್ಟು ತಿರುವಿ ತೆಗೆದಳು. ಹಲ್ಲು ಇಕ್ಕಳದ ತುದಿಯಲ್ಲಿ ಬೆಳಕಿಗೆ ಬಂದ ಕ್ಷಣವೇ ಗೊತ್ತಾಯಿತು. ಹಾಲುಹಲ್ಲಿನ ಬೇರು ಏಡಿಯ ಕಾಲಿನಂತೆ ಅಗಲಿಸಿರುತ್ತದೆ. ಇದರ ಬೇರು ನೇರ, ದಪ್ಪ. ಬೆಳೆದು ಮುಗಿಯದ ತುದಿ ಕೊಳಲಿನಂತೆ ತೆರೆದಿತ್ತು. ನಿಜವಾದ ಐದನೆಯ ಹಲ್ಲು ಹಿಂದೆಯೇ ಎಲ್ಲೋ ಹೋಗಿತ್ತು. ಆ ತೆರವಿಗೆ ಹಿಂದಿನ ಆರನೆಯದು ಸರಿದು ಬಂದು, ಐದನೆಯದರ ಜಾಗದಲ್ಲಿ ಏನೂ ತಿಳಿಯದವರಂತೆ ಕುಳಿತಿತ್ತು.

ಅವಳು ಅದನ್ನು ಹತ್ತಿಯಲ್ಲಿ ಸುತ್ತಿ, ಎಲ್ಲ ಮಕ್ಕಳಿಗೆ ಕೊಡುವಂತೆ, ಹುಡುಗನ ಅಂಗೈಯಲ್ಲಿಟ್ಟಳು. ಹೊಸದು ಬರ್ತದಾ ಮಿಸ್ಸಿ ಎಂದು ಅವನು ರಕ್ತದ ಬಾಯಲ್ಲೇ ಕೇಳಿದ. ಬರ್ತದೆ ಎಂದಳು. ಗುಲಾಬಿ ಕಾಲಿಗೆ ಬೀಳಲು ಬಂದಳು. ಎರಡು ವಾರದ ಮೇಲೆ ಹಳೆಯ ಶಾಲೆಯಿಂದ ಕಾರ್ಡು ಬಂತು: ಬಲ ಕೆಳಗಿನ ಇ, ಹಿಂದಿನ ವರ್ಷವೇ ಕಿತ್ತದ್ದು. ಪುಷ್ಪಾವತಿ ಹೊಸ ಕಾರ್ಡು ಮಾಡಿ, ತಾನು ಕಿತ್ತದ್ದೇ ಆ ಹಾಲುಹಲ್ಲು ಎಂಬಂತೆ ಒಂದೇ ಇ ಬರೆದು, ಹಳೆಯದನ್ನು ಹರಿದುಹಾಕಿದಳು. ಡಾಕ್ಟರು ನೋಡಿದ್ದರೂ ಆ ಹಲ್ಲು ಉಳಿಯುತ್ತಿರಲಿಲ್ಲವೇನೋ ಎಂದು ಆಮೇಲೆ ಎಷ್ಟೋ ವರ್ಷ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಉಳಿಯುತ್ತಿತ್ತೋ ಇಲ್ಲವೋ, ಹರಿದ ಕಾರ್ಡಿಗೆ ಅಂಥ ಸಮಾಧಾನ ಹೊಂದುತ್ತಿರಲಿಲ್ಲ.

ಮೂರನೆಯ ಬುಧವಾರ ಶೀನ ಬಂಗುಡೆಯ ಚೀಲ ಹಿಡಿದು ಬಂದ. ಪುಷ್ಪಾವತಿಯವರು ನೀರುದೋಸೆ ಮಾಡಿದ್ದರು. ಅವನು ಪುಂಗೋಲಿನ ಮನೆಯ ವಿಷಯ ಹೇಳುತ್ತ ತಿಂದ. ಕಾಲುವೆಯ ಪಕ್ಕ ನಡೆಯಲು ಒಳ್ಳೆಯ ದಾರಿಯಿದೆಯಂತೆ. ಮೊಮ್ಮಗಳು ವರ್ಣಿಕಾ ಅಜ್ಜನಿಗೆ ಕೋಣೆ ಬಿಟ್ಟುಕೊಡಲು ಲಂಚ ಕೇಳಿದ್ದಾಳಂತೆ. ಪುಷ್ಪಾವತಿಯವರು ಅವನ ದವಡೆ ನೋಡುತ್ತಿದ್ದರು. ಎಂದಿನಂತೆ ಎಡಗಡೆಯೊಂದೇ ಅಲುಗುತ್ತಿತ್ತು.

“ಎಂತ ಅಕ್ಕ, ಇವತ್ತು ನನ್ನನ್ನೇ ನೋಡ್ತಾ ಕೂತಿದ್ದೀರಿ? ಹೋಗ್ಬಿಡ್ತಾನಲ್ಲ ಅಂತ ಬೇಜಾರಾ?”

“ನೀನು ಬಲಗಡೆ ಅಗಿಯೋದೇ ಇಲ್ಲ ಶೀನ.”

“ಅದು ಚಿಕ್ಕಂದಿನ ಅಭ್ಯಾಸ. ಅಲ್ಲಿ ಒಂದು ಹಲ್ಲು ಬರ್ಲೇ ಇಲ್ಲವಲ್ಲ. ನೀವೇ ಕಿತ್ತದ್ದು, ಮರ್ತಿರಾ?”

“ಮರ್ತಿಲ್ಲ,” ಎಂದರು ಪುಷ್ಪಾವತಿ. ಆಮೇಲೆ ಹೇಳಿದರು.

ಅವರು ಹೇಳಿದ್ದು ರೋಗಿಯ ವರದಿ ಒಪ್ಪಿಸುವಂತೆ ಇತ್ತು. ಕಾರ್ಡು ಇರಲಿಲ್ಲವೆಂದರು, ಎಣಿಕೆ ತಪ್ಪಿತೆಂದರು, ಕಿತ್ತದ್ದು ಸಾಯುವವರೆಗೆ ಇರಬೇಕಾದ ಹಲ್ಲೆಂದರು, ಕಾರ್ಡು ಹರಿದದ್ದನ್ನೂ ಬಿಡಲಿಲ್ಲ. ಕಣ್ಣೀರು ಬರಬಾರದೆಂದು ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಅತ್ತರೆ ಅವನೇ ಸಮಾಧಾನ ಮಾಡಬೇಕಾಗುತ್ತದೆ, ಅದು ನ್ಯಾಯವಲ್ಲ.

ಶೀನ ದೋಸೆಯ ಚೂರನ್ನು ತಟ್ಟೆಯಲ್ಲಿ ಬಿಟ್ಟು ಕೈ ಒರೆಸಿಕೊಂಡ.

“ನಿಮಗೆ ಯಾವಾಗ ಗೊತ್ತಾಯ್ತು?”

“ಕೈಗೆ ಬಂದ ಕೂಡ್ಲೇ.”

“ಆಮೇಲೆ ನಾನು ಬಂದು ಕೇಳ್ತಿದ್ದೆನಲ್ಲ, ಯಾಕೆ ಬರ್ಲಿಲ್ಲ ಅಂತ. ಆಗಲೂ ಗೊತ್ತಿತ್ತು.”

“ಗೊತ್ತಿತ್ತು. ನಾಲ್ಕು ಸಲ ಬಂದಿದ್ದಿ. ನಾಲ್ಕು ಸಲವೂ ಬರ್ತದೆ ಅಂದೆ.”

ಶೀನ ಕಿಟಕಿಯ ಕಡೆ ತಿರುಗಿದ. ಆಮೇಲೆ ಅವನು ಹೇಳಿದ್ದು ಪುಷ್ಪಾವತಿಯವರು ಅರವತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ವಿಷಯ.

ಬಿದ್ದ ಹಲ್ಲನ್ನು ಸೆಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯಬೇಕು, ಎಸೆದವನು ತಿರುಗಿ ನೋಡಬಾರದು ಎಂಬುದು ಅವರ ಕಡೆಯ ಪದ್ಧತಿ. ಗುಲಾಬಿ ಹಾಲಿನವನ ಕೊಟ್ಟಿಗೆಯಿಂದ ಸೆಗಣಿ ತಂದುಕೊಟ್ಟಿದ್ದಳು. ನೌಕಾನೆಲೆಯ ಕೂಲಿ ಮನೆಗಳಿಗೆ ಹಂಚಿಲ್ಲ, ತಗಡಿನ ಮಾಡು. ಹುಡುಗ ಎಸೆದ. ಉಂಡೆ ತಗಡಿನ ಮೇಲೆ ಧಡ್ ಎಂದು ಬಿದ್ದು ಉರುಳಿದ ಸದ್ದಾಯಿತು. ಏಳು ವರ್ಷದ ಹುಡುಗ ತಿರುಗಿ ನೋಡಿಬಿಟ್ಟ. ತಾಯಿ ಅದನ್ನು ಕಂಡಳು. ಹಲ್ಲು ಬರಲಿಲ್ಲ.

“ಪರೀಕ್ಷೆಯಲ್ಲಿ ಫೇಲಾದ್ರೆ ಅಮ್ಮ ಅದನ್ನೇ ಹೇಳುವುದು. ಹೇಳಿದ ಮಾತು ಕೇಳುವವನಲ್ಲ, ಹಲ್ಲು ಎಸೆದು ತಿರುಗಿ ನೋಡಿದವ ಅಂತ. ಮದುವೆ ಆದ ಮೇಲೆ ಹೆಂಡತಿಯ ಹತ್ತಿರವೂ ಹೇಳಿದ್ರು. ಎಲ್ಲರೂ ನಗುವುದು. ನಾನೂ ನಗುವುದು. ಆದ್ರೆ ನಾನದನ್ನು ನಂಬಿದ್ದೆ ಅಕ್ಕ. ಯಾರ್ಡಲ್ಲಿ ಮೇಸ್ತ್ರಿ ಆದ ಮೇಲೂ ಮನಸ್ಸಿನ ಒಂದು ಮೂಲೆಯಲ್ಲಿ ನಂಬಿದ್ದೆ. ನನ್ನದೇ ತಪ್ಪು ಅಂತ.”

ಒಂದು ಹಲ್ಲು ಹೋದದ್ದಕ್ಕೆ ಎಷ್ಟು ನೋವೆಂದು ಪುಷ್ಪಾವತಿಯವರು ಅಳೆದು ಇಟ್ಟಿದ್ದರು. ಈ ಇನ್ನೊಂದು ನೋವು ಲೆಕ್ಕಕ್ಕೇ ಬಂದಿರಲಿಲ್ಲ.

ಶೀನ ಎದ್ದು ಕೈ ತೊಳೆದು ಬಂದ. ಹೊರಟೇಬಿಟ್ಟನೆಂದು ಅವರು ಅಂದುಕೊಂಡರು. ಅವನು ಮತ್ತೆ ಕುಳಿತು, ಕೆಲಸದ ವಿಷಯ ಮಾತಾಡುವವನಂತೆ ಶುರುಮಾಡಿದ. ಹಡಗಿನ ತಗಡಿಗೆ ವೆಲ್ಡಿಂಗ್ ಮಾಡಿದವನು ಪ್ರತಿ ಜೋಡಣೆಯ ಪಕ್ಕ ತನ್ನ ನಂಬರನ್ನು ಒತ್ತಬೇಕು. ಕ್ಷಕಿರಣ ಹಾಯಿಸಿ ನೋಡಿದಾಗ ಒಳಗೆ ಬಿರುಕು ಕಂಡರೆ, ನಂಬರು ನೋಡಿ ಅವನನ್ನೇ ಕರೆಯುತ್ತಾರೆ. ಅವನೇ ಉಜ್ಜಿ ತೆಗೆದು ಮತ್ತೆ ಹಾಕುತ್ತಾನೆ. ಬೈಗುಳವಿಲ್ಲ. ಬಿರುಕು ಬಿಟ್ಟವನ ಮೇಲೆ ಶೀನ ಎಂದೂ ಕೂಗಾಡಿದವನಲ್ಲ. ನಂಬರು ಒತ್ತದೆ ಬಿಟ್ಟವನನ್ನು ಮಾತ್ರ ತನ್ನ ತಂಡದಲ್ಲಿ ಇಟ್ಟುಕೊಂಡವನಲ್ಲ.

“ಬರೆದು ಕೊಡಿ,” ಎಂದ.

“ಎಂತದನ್ನು?”

“ಕಾರ್ಡಲ್ಲಿ ಬರೆಯದೆ ಬಿಟ್ಟದ್ದನ್ನು. ಹೇಗೆ ಬರೀಬೇಕಿತ್ತೋ ಹಾಗೆ.”

ಕಾರ್ಡು ಎಲ್ಲಿಂದ ಬರಬೇಕು! ಗೋಡೆಯ ಕ್ಯಾಲೆಂಡರಿನ ಕಳೆದ ತಿಂಗಳ ಹಾಳೆ ಹರಿದು, ಹಿಂಬದಿಯ ಬಿಳಿಯಲ್ಲಿ ಪುಷ್ಪಾವತಿಯವರು ಬರೆಯಲು ಕುಳಿತರು. ಮೊದಲ ಗೆರೆ ಎಳೆದ ಮೇಲೆ ಬೆರಳಿಗೆ ತನ್ನ ದಾರಿ ನೆನಪಾಯಿತು. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ, ಬಾಯಿಯ ನಾಲ್ಕು ಪಾಲು. ಮಗುವಿನ ಹೆಸರು, ವಯಸ್ಸು, ತರಗತಿ. ವರ್ಷ ಬರೆದರು, ತಿಂಗಳು ಬರೆದರು. ತಾರೀಕು ಖಚಿತವಿಲ್ಲವೆಂದು ಹಾಗೆಯೇ ನಮೂದಿಸಿದರು. ಬಲ ಕೆಳದವಡೆಯ ಪಾಲಿನಲ್ಲಿ ಆರು ಎಂದು ಬರೆದು ಅದರ ಮೇಲೆ ಕಾಟು ಹಾಕಿದರು. ಕೆಳಗೆ ಇಂಗ್ಲಿಷಿನಲ್ಲಿ, ಕಾರ್ಡು ನೋಡದೆ, ಹಾಲುಹಲ್ಲೆಂದು ತಪ್ಪಾಗಿ ಎಣಿಸಿ ಕಿತ್ತದ್ದು, ಮಗುವಿಗೂ ತಾಯಿಗೂ ತಿಳಿಸಲಿಲ್ಲ ಎಂದು ಬರೆದರು. ಮಗುವಿನ ತಪ್ಪೇನೂ ಇಲ್ಲ ಎಂದು ಸೇರಿಸಿದರು. ಯಾವ ಕಾರ್ಡಿನಲ್ಲೂ ಅಂಥ ಸಾಲು ಬರುವುದಿಲ್ಲ. ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಶೀನ ಕನ್ನಡಕ ಹಾಕಿಕೊಂಡು ಓದಿದ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟ.

“ಕೋಪ ಇಲ್ಲ ಅಂತ ನಾನು ಹೇಳುವುದಿಲ್ಲ ಅಕ್ಕ. ಉಂಟು. ಈಗ ಹೋಗ್ತೇನೆ.”

“ಆಯ್ತು,” ಎಂದರು ಪುಷ್ಪಾವತಿ.

ಬಂಗುಡೆಯ ಚೀಲ ಸಿಂಕಿನ ಪಕ್ಕದಲ್ಲೇ ಉಳಿದಿತ್ತು. ಎರಡು ಪಾಲೂ ಅದರಲ್ಲೇ ಇದ್ದವು.

ನಾಲ್ಕನೆಯ ಬುಧವಾರ ಶೀನ ಬರಲಿಲ್ಲ. ಶನಿವಾರ ಲಾರಿ ಬಂತು. ಪುಷ್ಪಾವತಿಯವರು ಬಾಗಿಲು ಅರ್ಧ ತೆರೆದಿಟ್ಟು ಲಿಫ್ಟಿನ ಸದ್ದು ಕೇಳುತ್ತ ಕುಳಿತರು. ಶೀನನ ಹದಿನಾಲ್ಕನೆಯ ಮಹಡಿಯಿಂದ ಕೆಳಗೆ, ಮತ್ತೆ ಮೇಲಕ್ಕೆ. ತಮ್ಮ ಒಂಬತ್ತರಲ್ಲಿ ಅದು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುಪ್ರೀತಾ ಬಂದು ಒಂದು ಕುಂಡ ಕರಿಬೇವು ಇಟ್ಟಳು.

“ಅಪ್ಪ ಲಾರಿಯವ್ರ ಜೊತೆ ಮೊದ್ಲೇ ಹೋದ್ರು ಆಂಟಿ. ಬೆಳಿಗ್ಗೆಯಿಂದ ಏನೋ ಮೂಡ್ ಇಲ್ಲ ಅವರಿಗೆ. ಇಪ್ಪತ್ತೆಂಟು ವರ್ಷ ಇದ್ದ ಮನೆ ಅಲ್ವಾ.”

“ಹೌದು,” ಎಂದರು ಪುಷ್ಪಾವತಿ. ಏನಾದರೂ ಹೇಳಿಕಳುಹಿಸಿದ್ದಾನೆಯೇ ಎಂದು ಕೇಳಲಿಲ್ಲ. ಕರಿಬೇವಿಗೆ ಎಷ್ಟು ನೀರು ಹಾಕಬೇಕೆಂದು ಕೇಳಿದರು.

ಅನಂತರದ ವಾರಗಳು ಉದ್ದವಾಗಿದ್ದವು. ಬುಧವಾರ ಬಂದರೆ ಕಾಫಿಗೆ ಎರಡು ಲೋಟ ಹಾಲು ಇಟ್ಟು, ಒಂದನ್ನು ಮತ್ತೆ ಪಾತ್ರೆಗೆ ಸುರಿಯುವುದಾಗುತ್ತಿತ್ತು. ಕೆಳಗೆ ವಾಯ್ಡ್ ಡೆಕ್ ಎನ್ನುವ, ಕಟ್ಟಡದಡಿಯ ತೆರೆದ ಜಾಗದ ಕಲ್ಲುಬೆಂಚಿನಲ್ಲಿ ಸಂಜೆ ಸ್ವಲ್ಪ ಹೊತ್ತು ಕೂರುವರು. ಚೀನೀ ಮುದುಕಿಯರು ಹಸ್ತ ಎತ್ತಿ ಮಾತಾಡಿಸುವರು, ಇವರೂ ಎತ್ತುವರು. ಪರ್ತ್‌ನಿಂದ ತಮ್ಮನ ಮಗನ ಫೋನು ತಿಂಗಳಿಗೊಮ್ಮೆ ಬರುತ್ತಿತ್ತು. ಅದು ಇಂಗ್ಲಿಷಿನಲ್ಲಿ, ನಾಲ್ಕು ನಿಮಿಷ. ಒಂದು ದಿನ ಅಡಿಗೆಮನೆಯಲ್ಲಿ ಅವರು ತುಳುವಿನಲ್ಲಿ ಏನನ್ನೋ ಗಟ್ಟಿಯಾಗಿ ಹೇಳಿಕೊಂಡರು. ಒಲೆ ಆರಿಸಿದೆನಾ ಎಂದೋ ಏನೋ. ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು.

ಆದರೂ ಒಂದು ಬದಲಾವಣೆ ಆಗಿತ್ತು. ಅದನ್ನು ನೆಮ್ಮದಿ ಎನ್ನಲು ಅವರಿಗೆ ಧೈರ್ಯವಿರಲಿಲ್ಲ. ಮೊದಲು ಶೀನ ಎದುರು ಕುಳಿತು ನಗುವಾಗಲೂ ಅವರು ಅವನ ಬಾಯಿಯನ್ನಷ್ಟೇ ನೋಡುತ್ತಿದ್ದರು. ಈಗ ಅವನಿಲ್ಲದಾಗ ನೆನಪಿಗೆ ಬರುವುದು ಅವನ ಮುಖ. ಹುಬ್ಬಿನ ಮೇಲೆ ಬೆಂಕಿಯ ಕಿಡಿ ತಾಗಿದ ಒಂದು ಚಿಕ್ಕ ಕಲೆ ಇದೆ ಎಂದು ಈಗ ಹೊಳೆಯಿತು. ಇಷ್ಟು ವರ್ಷ ಅದು ಕಂಡೇ ಇರಲಿಲ್ಲ.

ಫೋನು ಮಾಡಲೇ ಎಂದು ಎಷ್ಟೋ ಸಲ ಅನಿಸಿತು. ಮಾಡಲಿಲ್ಲ. ಹಲ್ಲು ಕಿತ್ತ ಜಾಗವನ್ನು ನಾಲಿಗೆಯಿಂದ ತಡಕಬೇಡಿರಿ, ತಾನಾಗಿ ಕೂಡಿಕೊಳ್ಳಲು ಬಿಡಿ ಎಂದು ಸಾವಿರಾರು ಮಕ್ಕಳಿಗೆ ಹೇಳಿದವರು ಅವರು.

ಏಳನೆಯ ವಾರ, ಒಂದು ಭಾನುವಾರ ಬೆಳಿಗ್ಗೆ, ಫೋನು ಬಡಿದುಕೊಂಡಿತು.

“ಅಕ್ಕ, ಶೀನ ಮಾತಾಡುವುದು.”

“ಹೇಳು.”

ಅವನು ಕ್ಷೇಮಸಮಾಚಾರ ಕೇಳಲಿಲ್ಲ, ಹೇಳಲೂ ಇಲ್ಲ. ಬಲಗಡೆ ಕೆಳಗೆ, ಆ ತೆರವಿನ ಕಡೆಗೆ ವಾಲಿಕೊಂಡ ಹಿಂದಿನ ಹಲ್ಲು ನೋಯಲು ಶುರುವಾಗಿದೆಯಂತೆ. ಪುಂಗೋಲಿನಲ್ಲಿ ಮಗಳು ಒಬ್ಬ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಿದ್ದಳು. ಚಿಕ್ಕ ವಯಸ್ಸಿನ ಹೆಂಗಸು. ಇಲ್ಲಿಯ ಹಲ್ಲು ಏನಾಯಿತೆಂದು ಕೇಳಿದಳಂತೆ.

“ನಿಮ್ಮ ಕಾಗದ ತೋರಿಸಿದೆ. ಎರಡು ಸಲ ಓದಿದಳು. ಇಷ್ಟು ಕ್ಲಿಯರಾಗಿ ಈಗ ಯಾರೂ ಬರೆಯುವುದಿಲ್ಲ ಅಂದಳು. ಕೊನೆಯ ಸಾಲು ನೋಡಿ ನನ್ನ ಮುಖ ನೋಡಿದಳು.”

“ಹಲ್ಲು ತೆಗೀಬೇಕು ಅಂದಳಾ?”

“ಅದಕ್ಕೇ ಫೋನು ಮಾಡಿದ್ದು. ಅವಳಿಗೆ ಕೆಲವು ಪ್ರಶ್ನೆ ಉಂಟು. ಹಿಂದಿನದು ಯಾವ ವಯಸ್ಸಿಗೆ ಬಂತು, ಬರುವಾಗಲೇ ವಾಲಿತ್ತಾ ಅಂತ. ನನಗೆ ಗೊತ್ತಿಲ್ಲ ಅಂದೆ. ಬರೆದವರನ್ನೇ ಕೇಳಿ ಅಂದಳು.”

ಪುಷ್ಪಾವತಿಯವರು ಕುರ್ಚಿ ಎಳೆದುಕೊಂಡು ಕುಳಿತರು. ಆ ಬಾಯಿಯನ್ನು ಅವರಷ್ಟು ವರ್ಷ ನೋಡಿದವರು ಇನ್ನಾರೂ ಇರಲಿಲ್ಲ. ಹನ್ನೊಂದಕ್ಕೇ ಬಂತು, ಬೇರೆ ಮಕ್ಕಳಿಗಿಂತ ಬೇಗ ಎಂದರು. ಬರುವಾಗ ನೆಟ್ಟಗಿತ್ತು, ಒಂದು ವರ್ಷದಲ್ಲಿ ಮುಂದಕ್ಕೆ ಬಾಗಿತು, ಹದಿನಾಲ್ಕರ ಹೊತ್ತಿಗೆ ಅರ್ಧ ತೆರವು ಮುಚ್ಚಿತ್ತು ಎಂದರು. ಬಾಗಿದ ಹಲ್ಲಿನ ಮುಂದಿನ ಮೂಲೆಯಲ್ಲಿ ಅನ್ನದ ಅಗಳು ಸಿಕ್ಕಿಕೊಳ್ಳುತ್ತದೆ, ನೋವು ಅಲ್ಲಿಂದಲೇ ಇರಬೇಕು, ಕೀಳುವ ಮೊದಲು ಅಲ್ಲಿ ಬಿಡಿಸಿ ನೋಡಲು ಹೇಳು ಎಂದರು.

“ನಿಲ್ಲಿ ನಿಲ್ಲಿ,” ಎಂದ ಶೀನ. “ಬರ್ಕೊಳ್ತೇನೆ. ಹನ್ನೊಂದು ಅಂದ್ರಾ ಹನ್ನೆರಡು ಅಂದ್ರಾ?”

“ಹನ್ನೊಂದು.”

ಅವನು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಹಿಂದಿನಿಂದ ಮಗುವೊಂದು ಅಳುತ್ತಿತ್ತು, ಸುಪ್ರೀತಾ ಯಾರನ್ನೋ ಗದರಿಸುತ್ತಿದ್ದಳು. ಬರೆದದ್ದನ್ನು ಅವನು ಒಮ್ಮೆ ಓದಿ ಹೇಳಿದ. ಒಂದು ಕಡೆ ಪುಷ್ಪಾವತಿಯವರು ತಿದ್ದಿದರು.

“ಕೋಪ ಇನ್ನೂ ಉಂಟು ಅಕ್ಕ,” ಎಂದ ಅವನು, ಫೋನಿಡುವ ಮೊದಲು.

“ಇರಲಿ.”

“ಗುರುವಾರ ಅಲ್ಲ, ಅದರ ಮುಂದಿನ ಗುರುವಾರ ಅವಳ ಹತ್ತಿರ ಹೋಗ್ಲಿಕ್ಕುಂಟು. ಹೋಗಿ ಬಂದು ಎಂತ ಹೇಳಿದಳು ಅಂತ ಹೇಳ್ತೇನೆ.”

ಹೊರಗೆ ಎಲ್‌ಆರ್‌ಟಿ ಮೇಲ್ಸೇತುವೆಯ ಮೇಲೆ ಹಾದುಹೋಯಿತು. ಪುಷ್ಪಾವತಿಯವರು ಫೋನಿಟ್ಟು ಎದ್ದು, ಕನ್ನಡಕ ಹುಡುಕಿ, ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದರು. ಹನ್ನೊಂದು ದಿನ. ಸರಿಯೇ ಎಂದು ಇನ್ನೊಮ್ಮೆ ಎಣಿಸಿ ನೋಡಿದರು.